ಮಕ್ಕಳ ಮನೆಯ ಹಿತ್ತಿಲು: ಹುಡುಗರೇ ಕಟ್ಟಲಿ, ದಾನಿಗಳು ಹಾರೆ ಗುದ್ದಲಿ ಕೊಡಲಿ

ಪ್ರಶ್ನೆ: ಹಾವೇರಿ ಜಿಲ್ಲೆಯಲ್ಲಿ ಒಂದು ಟ್ರಸ್ಟ್ ನಡೆಸುವ ಮಕ್ಕಳ ಮನೆಯಲ್ಲಿ ನಾನು ಮೇಲ್ವಿಚಾರಕಿ. 10ರಿಂದ 17 ವರ್ಷದ 34 ಹುಡುಗರಿದ್ದಾರೆ. ಕಟ್ಟಡದ ಹಿಂದೆ ಹತ್ತು ಗುಂಟೆ ಜಾಗ ಪಾರ್ಥೇನಿಯಂ ಬೆಳೆದು ಹಾಳುಬಿದ್ದಿದೆ. ದಾನಿಯೊಬ್ಬರು ಜಾರುಬಂಡೆ, ಉಯ್ಯಾಲೆ, ಸಿಮೆಂಟ್ ಬೆಂಚು ಹಾಕಿಸಿ ಪಾರ್ಕ್ ಮಾಡಿಕೊಡುತ್ತೇನೆ ಅನ್ನುತ್ತಿದ್ದಾರೆ. ಹುಡುಗರು ಮಾತ್ರ "ನಾವೇ ಮಾಡ್ಕೋತೀವಿ" ಅಂತ ಹಟ ಹಿಡಿದಿದ್ದಾರೆ. ಬಿಡಬಹುದಾ? ಮಕ್ಕಳ ಕೈಲಿ ಕೆಲಸ ಮಾಡಿಸಿದರು ಅಂತ ತೊಂದರೆ ಬರುತ್ತದಾ? ಎಲ್ಲಿಂದ ಶುರು ಮಾಡಬೇಕು? ದೊಡ್ಡ ಹುಡುಗರಲ್ಲಿ ಕೆಲವರು "ಇನ್ನೊಂದು ವರ್ಷಕ್ಕೆ ನಾವು ಹೋಗೋರು, ನಮಗ್ಯಾಕೆ" ಅಂತಲೂ ಅನ್ನುತ್ತಾರೆ.

ಉತ್ತರ: ಬಿಡಿ ಮೇಡಂ, ಖಂಡಿತ ಬಿಡಿ. ಇಂಥ ಮನೆಗಳಲ್ಲಿ ಹುಡುಗರು ತಾವಾಗಿಯೇ "ನಾವು ಮಾಡ್ಕೋತೀವಿ" ಅನ್ನುವುದು ದಿನಾ ಕೇಳಿಬರುವ ಮಾತಲ್ಲ. ದಾನಿಗಳಿಗೆ ಬೇಡ ಅನ್ನಬೇಡಿ, ಸ್ವಲ್ಪ ತಡೆಯಿರಿ ಅನ್ನಿ. ಅವರ ದುಡ್ಡಿಗೆ ಬೇರೆ ಕೆಲಸ ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ಆಟದ ಜಾಗ ಮಾಡಿಕೊಡುವುದೇ ನನ್ನ ಕೆಲಸ. ಶಾಲೆಗಳಿಗೂ ಮಾಡಿದ್ದೇನೆ, ಮಕ್ಕಳ ಮನೆಗಳಿಗೂ ಮಾಡಿದ್ದೇನೆ. ಎರಡೂ ಒಂದೇ ಅಲ್ಲ. ಶಾಲೆಯ ಹುಡುಗನಿಗೆ ಸಂಜೆ ವಾಪಸ್ ಹೋಗಲು ಮನೆ ಇದೆ, ಬೀದಿ ಇದೆ, ಪಕ್ಕದ ಮನೆಯವರ ಕಟ್ಟೆ ಇದೆ. ನಿಮ್ಮ ಹುಡುಗರು ಏಳುವ ಹೊತ್ತು, ತಟ್ಟೆಗೆ ಬೀಳುವ ಊಟ, ಮಲಗುವ ಮಂಚ, ಯಾರದೋ ಹುಟ್ಟುಹಬ್ಬಕ್ಕೆ ಹಂಚಿದ ಅಂಗಿ, ಎಲ್ಲ ಬೇರೆಯವರೇ ತೀರ್ಮಾನ ಮಾಡಿದ್ದು. ಹಿತ್ತಿಲನ್ನೂ ಇನ್ನೊಬ್ಬರೇ ತೀರ್ಮಾನ ಮಾಡಿ ಕೊಟ್ಟರೆ ಅದು ಮತ್ತೊಂದು ಹಂಚಿದ ಅಂಗಿ, ಅಷ್ಟೇ. ಅದೂ ಅಳತೆಗೆ ಸರಿಯಾಗದ್ದು: ಅಂಗಡಿಯ ಜಾರುಬಂಡೆ ಚಿಕ್ಕ ಮಕ್ಕಳಿಗೆ ಮಾಡಿರುವುದು. ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನೇ 10 ವರ್ಷದವನು. ಮೀಸೆ ಚಿಗುರಿದ ಹುಡುಗ ಎರಡು ದಿನ ಅದರ ಮೇಲೆ ಹತ್ತಿ ಗಲಾಟೆ ಮಾಡುತ್ತಾನೆ, ಮೂರನೇ ದಿನ ಅದರ ಮೇಲೆ ಟವೆಲ್ ಒಣಗಲು ಹಾಕುತ್ತಾನೆ.

ಮೊದಲು ಕಾನೂನಿನ ಮಾತು ಮುಗಿಸೋಣ, ನಿಮ್ಮ ಭಯ ಇರುವುದು ಅಲ್ಲಿ. ನಿಮ್ಮಂಥ ಮನೆಗಳಿಗೆ ಅನ್ವಯಿಸುವ ಬಾಲನ್ಯಾಯ ಕಾಯ್ದೆ 2015ರದ್ದು, ಅದರ ಕೆಳಗಿನ ಮಾದರಿ ನಿಯಮಗಳು 2016ರವು. 50 ಮಕ್ಕಳ ಮನೆಗೆ ಊಟದ ಕೋಣೆ 800 ಚದರ ಅಡಿ ಇರಬೇಕು, ಗ್ರಂಥಾಲಯ 500, ಮನರಂಜನೆ ಕೋಣೆ 300 ಅಂತ ಆ ನಿಯಮಗಳಲ್ಲಿ ಲೆಕ್ಕ ಹಾಕಿ ಬರೆದಿದ್ದಾರೆ. ಆಟದ ಮೈದಾನದ ಮುಂದೆ ಮಾತ್ರ ಮಕ್ಕಳ ಸಂಖ್ಯೆಗೆ ತಕ್ಕಷ್ಟು ಜಾಗ ಅಂತ ಒಂದೇ ಸಾಲು. ಅಂದರೆ ಹೊರಗಿನ ಜಾಗದಲ್ಲಿ ಏನಿರಬೇಕು ಅಂತ ಯಾರೂ ನಿಮ್ಮ ಕೈ ಕಟ್ಟಿಲ್ಲ. ಅದೇ ನಿಯಮಗಳಲ್ಲಿ ಮಕ್ಕಳ ಸಮಿತಿಗಳ ಮಾತೂ ಇದೆ: 6ರಿಂದ 10, 11ರಿಂದ 15, 16ರಿಂದ 18, ಹೀಗೆ ವಯಸ್ಸಿಗೊಂದು ಸಮಿತಿ, ಅದರಲ್ಲಿ ಮಕ್ಕಳು ಮಾತ್ರ ಇರಬೇಕು. ಎಷ್ಟೋ ಕಡೆ ಇದು ರಿಜಿಸ್ಟರಿನಲ್ಲಿ ತಿಂಗಳಿಗೊಮ್ಮೆ ಸಹಿ ಹಾಕಿಸುವಷ್ಟಕ್ಕೇ ನಿಂತಿರುತ್ತದೆ. ಹಿತ್ತಿಲಿನ ಕೆಲಸವನ್ನು ಆ ಸಮಿತಿಗಳ ಕೈಗೇ ಕೊಡಿ. ರಿಜಿಸ್ಟರಿಗೂ ಜೀವ ಬರುತ್ತದೆ.

ಇನ್ನು ಬಾಲಕಾರ್ಮಿಕ ಕಾಯ್ದೆ. 2016ರ ತಿದ್ದುಪಡಿ ಆದಮೇಲೆ 14ರೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವ ಹಾಗಿಲ್ಲ (ಮನೆಯವರ ಕಸುಬಿನಲ್ಲಿ ಶಾಲೆ ಬಿಟ್ಟಮೇಲೆ ಕೈಜೋಡಿಸುವಂಥ ವಿನಾಯಿತಿ ನಿಮಗೆ ಅನ್ವಯ ಆಗುವುದಿಲ್ಲ). 14ರಿಂದ 18ರವರನ್ನು ಅಪಾಯದ ಉದ್ಯೋಗಕ್ಕೆ ಹಚ್ಚುವಂತಿಲ್ಲ. ನಾನು ಇಟ್ಟುಕೊಂಡಿರುವ ಗೆರೆ ಇದಕ್ಕಿಂತ ಸರಳ: ಈ ಕೆಲಸಕ್ಕೆ ನೀವು ಹೇಗಿದ್ದರೂ ಕೂಲಿ ಕೊಟ್ಟು ಆಳು ಕರೆಸುತ್ತಿದ್ದಿರಾ? ಹಾಗಿದ್ದರೆ ಅದು ಹುಡುಗರ ಕೆಲಸ ಅಲ್ಲ. ಕಾಂಪೌಂಡ್ ಗೋಡೆ ದುರಸ್ತಿ, ಶೌಚದ ಗುಂಡಿ, ಜಾಗ ಮಟ್ಟ ಮಾಡುವುದು, ಲಾರಿಯಿಂದ ಕಲ್ಲು ಇಳಿಸುವುದು, ಇವಕ್ಕೆಲ್ಲ ಕೂಲಿ ಕೊಡಿ. ಹುಡುಗರು ತಾವು ಕೂರುವ ಕಟ್ಟೆ ತಾವು ಕಟ್ಟಲಿ, ತಾವು ತಿನ್ನುವ ಪೇರಲ ತಾವು ನೆಡಲಿ. ಬೇಜಾರಾದವನು ಅರ್ಧಕ್ಕೇ ಬಿಟ್ಟು ಹೋಗುವ ಹಾಗಿರಬೇಕು, ಬರದವನಿಗೆ ಶಿಕ್ಷೆ ಇರಬಾರದು, ಶಾಲೆಯ ಹೊತ್ತಿನಲ್ಲಂತೂ ಬೇಡವೇ ಬೇಡ. ಇಷ್ಟನ್ನೂ ನಿರ್ವಹಣಾ ಸಮಿತಿಯ ನಡಾವಳಿಯಲ್ಲಿ ಬರೆಸಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಮಕ್ಕಳ ಕಲ್ಯಾಣ ಸಮಿತಿಗೂ ಒಂದೊಂದು ಪತ್ರ ಕೊಟ್ಟುಬಿಡಿ. ನಾಳೆ ತಪಾಸಣೆಗೆ ಬಂದವರು ಹುಡುಗನ ಕೈಯಲ್ಲಿ ಸಲಿಕೆ ನೋಡಿ ಹುಬ್ಬು ಹಾರಿಸಿದರೆ ತೋರಿಸಲು ಕಾಗದ ಇರುತ್ತದೆ.

ಶುರು ಎಲ್ಲಿಂದ ಅಂದಿರಿ. ಕಟ್ಟುವುದರಿಂದ ಅಂತೂ ಅಲ್ಲ. ಕೆಲವು ವಾರ ಸುಮ್ನೆ ಅವರ ಹಿಂದೆ ಓಡಾಡಿ. ಬೆಂಗಳೂರಿನ ಸತ್ಯನಗರ ಅನ್ನುವ ಬಡವರ ಬಡಾವಣೆಯಲ್ಲಿ 1990ರ ದಶಕದಲ್ಲಿ ಯುನೆಸ್ಕೊ ಬೆಂಬಲದ ಒಂದು ಕೆಲಸ ನಡೆದಿತ್ತು. ಅಲ್ಲಿ ಮಕ್ಕಳ ಕೈಲೇ ತಮ್ಮ ಏರಿಯಾದ ಚಿತ್ರ ಬರೆಸಿದರು, ಅವರ ಜೊತೆ ನಡೆದು ಅವರು ತೋರಿಸಿದ ಜಾಗ ನೋಡಿದರು. ವಿಧಾನ ಅಷ್ಟೇ, ಅದಕ್ಕೆ ಯಾವ ತರಬೇತಿಯೂ ಬೇಡ. ಒಬ್ಬೊಬ್ಬನಿಗೂ ಒಂದು ಹಾಳೆ ಕೊಡಿ, ಹಿತ್ತಿಲು ಹೇಗಿರಬೇಕು ಬರಿ ಅನ್ನಿ. ಮೊದಲನೇ ಸಲ ಈಜುಕೊಳ ಬರುತ್ತದೆ, ಜಿಮ್ ಬರುತ್ತದೆ, ಚಿನ್ನಸ್ವಾಮಿ ಸ್ಟೇಡಿಯಂ ಬರುತ್ತದೆ. ನಗಬೇಡಿ, ಎಲ್ಲ ಗೋಡೆಗೆ ಅಂಟಿಸಿ. ಆಮೇಲೆ ಬೇರೆ ಪ್ರಶ್ನೆ ಕೇಳಿ: ಸಿಟ್ಟು ಬಂದಾಗ ಎಲ್ಲಿಗೆ ಹೋಗ್ತೀಯ? ಊರಿಂದ ಅಜ್ಜಿ ಬಂದರೆ ಎಲ್ಲಿ ಕೂರಿಸ್ಕೊಂಡು ಮಾತಾಡ್ತೀಯ?

ನಿಜವಾದ ಬೇಡಿಕೆ ಈ ಪ್ರಶ್ನೆಗಳಲ್ಲಿ ಹೊರಗೆ ಬರುತ್ತದೆ. ಸಿಟ್ಟಿನ ಪ್ರಶ್ನೆಗೆ ಹೆಚ್ಚುಕಮ್ಮಿ ಎಲ್ಲ ಮನೆಗಳಲ್ಲೂ ನಾನು ಕೇಳಿರುವ ಉತ್ತರ: ನೀರಿನ ಟ್ಯಾಂಕಿನ ಹಿಂದೆ, ಮೆಟ್ಟಿಲ ಕೆಳಗೆ, ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡು. ಇಪ್ಪತ್ತೈದು ಜನರ ಜೊತೆ ಮಲಗಿ, ಅವರ ಜೊತೆಗೇ ಎದ್ದು, ಸಾಲಿನಲ್ಲಿ ಉಂಡು, ಸಾಲಿನಲ್ಲಿ ಶಾಲೆಗೆ ಹೋಗುವ ಹುಡುಗನಿಗೆ ಒಬ್ಬನೇ ಕೂರಲು ಜಾಗ ಇಲ್ಲ. ನೋಡಿಕೊಳ್ಳುವ ನಮಗೋ, ಒಬ್ಬನೇ ಇದ್ದಾನೆ ಅಂದ ತಕ್ಷಣ ಎದೆ ಹೊಡೆದುಕೊಳ್ಳುತ್ತದೆ, ಏನಾದರೂ ಮಾಡಿಕೊಂಡರೆ, ದೊಡ್ಡವನು ಚಿಕ್ಕವನಿಗೆ ತೊಂದರೆ ಕೊಟ್ಟರೆ ಅಂತ. ಈ ಭಯ ಸುಳ್ಳಲ್ಲ. ಹಾಗಂತ ಹಿತ್ತಿಲನ್ನು ಬೋಳು ಅಂಗಳ ಮಾಡಿ, ಕಿಟಕಿಯಿಂದ ಮೂಲೆಮೂಲೆಯೂ ಕಾಣಬೇಕು ಅಂದರೆ ಅವನು ಮತ್ತೆ ಬಚ್ಚಲಿಗೇ ಹೋಗುತ್ತಾನೆ. ಅಲ್ಲಿ ನಿಮಗೆ ಏನೂ ಕಾಣುವುದಿಲ್ಲ, ಅಲ್ವಾ?

ಇದಕ್ಕೆ ನಾನು ಕಂಡುಕೊಂಡಿರುವ ಉಪಾಯ ಅರ್ಧಗೋಡೆ. ಅರ್ಧಚಂದ್ರದ ಆಕಾರಕ್ಕೆ ಒಂದು ಗೋಡೆ, ಎತ್ತರ ಮೂರು ಅಡಿ, ಒಳಗಡೆ ಒಂದೂಕಾಲು ಅಡಿ ಎತ್ತರಕ್ಕೆ ಕೂರುವ ಕಟ್ಟೆ, ಬಾಗಿಲಿಲ್ಲದ ಬಾಯಿ. ಕೂತವನಿಗೆ ಸುತ್ತಲಿನವರ ಕಾಲಾಟ ಕಾಣುವುದಿಲ್ಲ, ಬೆನ್ನಿಗೆ ಗೋಡೆ ಇರುತ್ತದೆ, ತನ್ನದೊಂದು ಕೋಣೆ ಅನ್ನಿಸುತ್ತದೆ. ನಿಂತು ನೋಡುವ ನಿಮಗೆ ಅವನ ತಲೆ ಕಾಣುತ್ತದೆ, ಇಬ್ಬರಿದ್ದರೆ ಎರಡು ತಲೆ ಕಾಣುತ್ತವೆ. ಬಾಯಿಯನ್ನು ಅಡುಗೆಮನೆಯ ಕಡೆಗೆ ತಿರುಗಿಸಿ, ಅಲ್ಲಿ ಯಾವಾಗಲೂ ಯಾರಾದರೂ ಇರುತ್ತಾರೆ. ಇಂಥವು ಒಂದೇ ಮಾಡಬೇಡಿ, ಅದಕ್ಕೇ ಜಗಳ ಆಗುತ್ತದೆ. ಮೂರು ನಾಲ್ಕು ಸಣ್ಣವು ಇರಲಿ, ಅದರಲ್ಲಿ ಒಂದು ಗೇಟಿನ ಹತ್ತಿರ, ನೋಡಲು ಬಂದ ಮನೆಯವರ ಜೊತೆ ಕೂರಲು. ಅಜ್ಜಿ ತಂದ ರೊಟ್ಟಿ ಬುತ್ತಿಯನ್ನು ಆಫೀಸಿನ ಟೇಬಲ್ ಮೇಲೆ ಬಿಚ್ಚಿಸುವುದು ನನಗಂತೂ ನೋಡಲು ಆಗುವುದಿಲ್ಲ.

ಮುಂದಿನ ಜಗಳ ಕ್ರಿಕೆಟ್‌ನದು. ಹತ್ತು ಗುಂಟೆ ಅಂದರೆ 10,890 ಚದರ ಅಡಿ, ಹೆಚ್ಚುಕಮ್ಮಿ ನೂರು ಅಡಿಗೆ ನೂರು ಅಡಿ. ಪಿಚ್ಚೇ 66 ಅಡಿ ಉದ್ದ. ಕ್ರಿಕೆಟ್‌ಗೆ ಕೊಟ್ಟರೆ ಇಡೀ ಹಿತ್ತಿಲು ಹೋಯಿತು, ಜೊತೆಗೆ ಕಿಟಕಿ ಗಾಜೂ ಹೋಯಿತು. ಜೋರು ಬಾಯಿಯ ನಾಲ್ಕು ಹುಡುಗರು ಅದನ್ನೇ ಬೇಕು ಅನ್ನುತ್ತಾರೆ, ಉಳಿದವರು ಸುಮ್ಮನಿರುತ್ತಾರೆ. ಕೈ ಎತ್ತಿಸಿ ತೀರ್ಮಾನ ಮಾಡಬೇಡಿ. ಸುಣ್ಣದ ಪುಡಿ ತಂದು ಪಿಚ್ಚನ್ನು ನೆಲದ ಮೇಲೆ ನಿಜವಾದ ಅಳತೆಗೆ ಅವರ ಕೈಲೇ ಹಾಕಿಸಿ. ಪಕ್ಕದಲ್ಲಿ ಕಬಡ್ಡಿ ಅಂಕಣ ಹಾಕಿಸಿ, ದೊಡ್ಡವರ ಅಳತೆಯದ್ದೇ 13 ಮೀಟರಿಗೆ 10 ಮೀಟರ್, ಸುಮಾರು ಒಂದೂವರೆ ಗುಂಟೆಯೊಳಗೆ ಮುಗಿಯುತ್ತದೆ. ಒಂದು ವಾರ ಗೆರೆ ಹಾಗೇ ಇರಲಿ, ಅದರ ಮೇಲೇ ಓಡಾಡಲಿ. ತಾವಾಗಿಯೇ ಸುಣ್ಣ ಅಳಿಸಿ ಗೆರೆ ಬದಲಾಯಿಸುತ್ತಾರೆ. ಸಂಜೆ ನಾಲ್ಕಕ್ಕೆ ನೆರಳು ಎಲ್ಲಿರುತ್ತದೆ ಅಂತಲೂ ಆ ವಾರದಲ್ಲೇ ಗೊತ್ತಾಗುತ್ತದೆ, ಪ್ಲಾಸ್ಟಿಕ್ ಕುರ್ಚಿ ಕೊಟ್ಟುಬಿಡಿ, ಅವು ಎಲ್ಲಿಗೆ ಸರಿಯುತ್ತವೆ ನೋಡಿ.

ಕಟ್ಟುವ ಮುಂಚೆ ಮಣ್ಣು ನೋಡಿ. ಮೊಣಕಾಲುದ್ದ ಗುಂಡಿ ತೋಡಿಸಿ. ಕೆಂಪು ಮಣ್ಣಾದರೆ ನೀವು ಪುಣ್ಯವಂತರು. ಎರೆ (ಕಪ್ಪು ಮಣ್ಣು) ಆದರೆ ಸ್ವಲ್ಪ ಹುಷಾರು: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮೇಲೆ ಕೂರಿಸಿದ ಗೋಡೆಯನ್ನೂ ಜೊತೆಗೇ ಎಳೆದುಕೊಳ್ಳುತ್ತದೆ. ಗೋಡೆ ಬರುವ ಕಡೆ ಎರಡು ಅಡಿ ಎರೆ ತೆಗೆದು ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿ, ಅರ್ಧರ್ಧ ಅಡಿಗೊಮ್ಮೆ ನೀರು ಚಿಮುಕಿಸಿ ಬಡಿದು ಗಟ್ಟಿ ಮಾಡಿ, ಆಮೇಲೆ ಕಲ್ಲು ಇಡಿ. ಇದಕ್ಕೆ ಒಬ್ಬ ಗೌಂಡಿ ಬೇಕೇ ಬೇಕು. ಭಾನುವಾರಕ್ಕೊಮ್ಮೆ ಬರುವ, ಹುಡುಗರನ್ನು ಬೈಯದ, ಕುಡಿದು ಬರದ ಗೌಂಡಿ. ಹುಡುಕಿ, ಸಿಗುತ್ತಾನೆ. ಅವನಿಗೆ ಪೂರ್ತಿ ಕೂಲಿ ಕೊಡಿ. ಆದರೆ ಅವನ ಕೆಲಸ ಗೋಡೆ ಕಟ್ಟುವುದಲ್ಲ, ಕಲಿಸುವುದು ಅಂತ ಮೊದಲೇ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಹುಡುಗರು ಇಟ್ಟ ಕಲ್ಲು ಸೊಟ್ಟ ಅಂತ ತಾನೇ ಕರಣಿ ಕಿತ್ತುಕೊಂಡು ಮುಗಿಸಿಬಿಡುತ್ತಾನೆ.

ಹಗ್ಗದಲ್ಲಿ ಮೂರು, ನಾಲ್ಕು, ಐದು ಅಡಿಗೆ ಗಂಟು ಹಾಕಿ ಗೌಂಡಿ ಮೂಲೆಮಟ್ಟ ಹಿಡಿಯುವುದನ್ನು ಹುಡುಗರು ನೋಡಬೇಕು. ಹತ್ತನೇ ಕ್ಲಾಸಿನವನು "ಸಾರ್, ಇದು ಪೈಥಾಗೊರಸ್" ಅನ್ನುತ್ತಾನೆ. ಗೌಂಡಿ "ಅದ್ಯಾರಪ್ಪ, ಇದು ನಮ್ಮಪ್ಪ ಹೇಳಿಕೊಟ್ಟಿದ್ದು" ಅನ್ನುತ್ತಾನೆ. ಪ್ಲಾಸ್ಟಿಕ್ ಪೈಪಿನಲ್ಲಿ ನೀರು ತುಂಬಿ ಎರಡು ತುದಿಯಲ್ಲಿ ಇಬ್ಬರು ಹಿಡಿದು ಮಟ್ಟ ನೋಡುವುದಿದೆಯಲ್ಲ, ಒಬ್ಬರಿಗೊಬ್ಬರು ಮಾತು ಬಿಟ್ಟ ಇಬ್ಬರು ಹುಡುಗರನ್ನು ಅದಕ್ಕೆ ಹಚ್ಚಿ. ಮಾತಾಡದೆ ಆ ಕೆಲಸ ಮಾಡಲು ಆಗುವುದಿಲ್ಲ.

ಸುರಕ್ಷತೆಯ ಬಗ್ಗೆ ಉದ್ದುದ್ದ ಪಟ್ಟಿ ಕೊಡುವುದಿಲ್ಲ, ಜನ ಮರೆಯುವುದನ್ನಷ್ಟೇ ಹೇಳುತ್ತೇನೆ. ಹಳೇ ಟೈರು ಅಗ್ಗಕ್ಕೆ ಸಿಗುತ್ತದೆ, ಬೆಂಗಳೂರಿನ ಆಂಟ್‌ಹಿಲ್ ಕ್ರಿಯೇಷನ್ಸ್‌ನವರು ಅದರಲ್ಲೇ ಒಳ್ಳೊಳ್ಳೆ ಆಟದ ಜಾಗ ಮಾಡಿದ್ದಾರೆ. ಆದರೆ ಕೆಳಗಡೆ ತೂತು ಕೊರೆಯದೆ ಇಟ್ಟರೆ ಮಳೆನೀರು ನಿಂತು ಡೆಂಗಿ ಸೊಳ್ಳೆ ಸಾಕಿದ ಹಾಗೆ. ಸವೆದು ಒಳಗಿನ ತಂತಿ ಹೊರಬಂದ ಟೈರನ್ನು ಮುಟ್ಟಲೇಬೇಡಿ. ಬಿದಿರನ್ನು ನೇರ ಮಣ್ಣಿಗೆ ನೆಟ್ಟರೆ ಗೆದ್ದಲು ಹಿಡಿದು ಬುಡ ಬೇಗ ಕೊಳೆಯುತ್ತದೆ, ನೋಡಲು ಗಟ್ಟಿ ಇರುತ್ತದೆ, ಹುಡುಗ ಜೋತುಬಿದ್ದ ದಿನ ಮುರಿಯುತ್ತದೆ. ಬುಡವನ್ನು ನೆಲದಿಂದ ಮೇಲೆ, ಕಬ್ಬಿಣದ ಪೈಪಿನೊಳಗೆ ಕೂರಿಸಿ. ಹತ್ತುವ ಯಾವುದೇ ವಸ್ತುವಿಗೆ ಮೊದಲು ದೊಡ್ಡವರಿಬ್ಬರು ಜೋತುಬೀಳಿ. ಅದರ ಕೆಳಗೆ ಒಂದು ಅಡಿ ಸಡಿಲ ಮರಳು ಇರಲಿ, ಸಿಮೆಂಟ್ ಬೇಡ. ಕಲ್ಲು ಕಟ್ಟಿಗೆ ರಾಶಿ ಹಾಕಿದ ಕಡೆ ಹಾವು ಚೇಳು ಸೇರುತ್ತವೆ, ಸಾಮಾನನ್ನು ನೆಲದಿಂದ ಒಂದು ಅಡಿ ಎತ್ತರದ ಅಟ್ಟದ ಮೇಲೆ ಇಡಿ. 10 ಮತ್ತು 16ನೇ ವರ್ಷಕ್ಕೆ ಸರ್ಕಾರದ ಲಸಿಕೆ ಪಟ್ಟಿಯಲ್ಲೇ ಧನುರ್ವಾಯು ತಡೆಯುವ ಟಿಡಿ ಚುಚ್ಚುಮದ್ದು ಇದೆ, ಎಲ್ಲರಿಗೂ ಆಗಿದೆಯಾ ನೋಡಿಕೊಂಡು ಆಮೇಲೆ ಮೊಳೆ ಕೊಡಿ. ಕಣಗಿಲೆ ಹೂವು ಚೆಂದ ಅಂತ ನೆಡಬೇಡಿ, ಗಿಡವೆಲ್ಲ ವಿಷ.

ಹಾರೆ, ಗುದ್ದಲಿ, ಗರಗಸ ಹುಡುಗರ ಕೈಲಿ ಕೊಟ್ಟರೆ ಹೊಡೆದಾಡಿಕೊಂಡರೆ ಅನ್ನುವ ಭಯ ನಿಮ್ಮ ಸಿಬ್ಬಂದಿಗೆ ಇದ್ದೇ ಇರುತ್ತದೆ. ಒಂದು ಹಲಗೆಗೆ ಪ್ರತಿಯೊಂದು ಉಪಕರಣದ ಆಕಾರ ಬಣ್ಣದಲ್ಲಿ ಬರೆಸಿ ಅದರ ಮೇಲೇ ನೇತುಹಾಕಿಸಿ. ಒಂದು ಕಡಿಮೆಯಾದರೂ ಖಾಲಿ ಆಕಾರ ಎದ್ದು ಕಾಣುತ್ತದೆ. ಕೊಡುವ, ವಾಪಸ್ ಪಡೆಯುವ ಪುಸ್ತಕವನ್ನು ಹುಡುಗರ ಸಮಿತಿಯೇ ಬರೆಯಲಿ, ಬೀಗದ ಕೈ ಮಾತ್ರ ನಿಮ್ಮ ಹತ್ತಿರ ಇರಲಿ. ಓಡಿಹೋಗುವ ಭಯಕ್ಕೆ ಒಂದೇ ಮಾತು: ಹತ್ತುವ ವಸ್ತು ಯಾವುದೂ ಕಾಂಪೌಂಡಿನ ಹತ್ತಿರ ಬೇಡ. ಓಡಿಹೋಗಬೇಕು ಅಂತ ತೀರ್ಮಾನ ಮಾಡಿದವನು ಈಗಿರುವ ಗೋಡೆಯನ್ನೂ ಹತ್ತುತ್ತಾನೆ, ಅದು ನಿಮಗೂ ಗೊತ್ತು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಪೂರ್ತಿ ಮುಗಿಸಬೇಡಿ. ಡೆನ್ಮಾರ್ಕಿನಲ್ಲಿ ಸೋರೆನ್‌ಸೆನ್ ಅಂತ ಒಬ್ಬ ಉದ್ಯಾನ ವಿನ್ಯಾಸಕ ಇದ್ದ. ತಾನು ಮಾಡಿದ ಅಚ್ಚುಕಟ್ಟು ಆಟದ ಮೈದಾನ ಬಿಟ್ಟು ಮಕ್ಕಳು ಕಟ್ಟಡ ಕಟ್ಟುವ ಜಾಗಗಳಲ್ಲಿ, ಗುಜರಿ ಬಿದ್ದ ಕಡೆ ಆಡುವುದನ್ನು ನೋಡಿದ್ದ. 1943ರಲ್ಲಿ, ದೇಶ ಜರ್ಮನಿಯ ವಶದಲ್ಲಿದ್ದಾಗ, ಕೋಪನ್‌ಹೇಗನ್ನಿನ ಎಮ್ಡ್ರುಪ್ ಬಡಾವಣೆಯಲ್ಲಿ ಹಲಗೆ, ಇಟ್ಟಿಗೆ, ಹಾರೆ, ಮಣ್ಣು ಕೊಟ್ಟು ಮಕ್ಕಳಿಗೇ ಬಿಟ್ಟ ಜಾಗವೊಂದು ಅವನ ಯೋಚನೆಯಂತೆ ಶುರುವಾಯಿತು. ಜೊತೆಗೆ ಒಬ್ಬ ದೊಡ್ಡವನು ಇರುತ್ತಿದ್ದ, ಆದರೆ ಆಡಿಸಲು ಅಲ್ಲ. ಮಕ್ಕಳು ಗುಡಿಸಲು ಕಟ್ಟುತ್ತಿದ್ದರು, ಕೆಡವುತ್ತಿದ್ದರು, ಮತ್ತೆ ಕಟ್ಟುತ್ತಿದ್ದರು. ತಾನು ಮಾಡಿದ್ದರಲ್ಲಿ ಎಲ್ಲಕ್ಕಿಂತ ಕುರೂಪ ಇದೇ, ಎಲ್ಲಕ್ಕಿಂತ ಒಳ್ಳೆಯದೂ ಇದೇ ಅಂತ ಅವನೇ ಹೇಳಿಕೊಂಡ.

ನಿಮ್ಮಂಥ ಮನೆಗೆ ಇದು ಇನ್ನೂ ಜಾಸ್ತಿ ಹೊಂದುತ್ತದೆ. ಯಾಕೆಂದರೆ ನಿಮ್ಮ ಹುಡುಗರು ಬದಲಾಗುತ್ತಲೇ ಇರುತ್ತಾರೆ. ಕಲ್ಯಾಣ ಸಮಿತಿಯ ಆದೇಶ ಬರುತ್ತದೆ, ಒಬ್ಬ ಮನೆಗೆ ಹೋಗುತ್ತಾನೆ, ಮತ್ತೊಬ್ಬ ರಾತ್ರಿ ಹೊತ್ತಿಗೆ ಬ್ಯಾಗ್ ಹಿಡಿದು ಬಂದು ಇಳಿಯುತ್ತಾನೆ. ಈ ವರ್ಷದವರು ಎಲ್ಲ ಕಟ್ಟಿ ಮುಗಿಸಿದರೆ ಮುಂದಿನ ವರ್ಷ ಬರುವವನಿಗೆ ಅದೂ ಬೇರೆಯವರ ಪಾರ್ಕೇ. ಅದಕ್ಕೇ ಎರಡು ಗುಂಟೆಯನ್ನು ಎಂದೂ ಮುಗಿಯದ ಜಾಗ ಅಂತ ಬಿಟ್ಟುಬಿಡಿ. ಅಲ್ಲಿ ಸಿಮೆಂಟ್ ಹಾಕಿ ಕಟ್ಟುವ ಹಾಗಿಲ್ಲ, ಒಂದಿಷ್ಟು ಇಟ್ಟಿಗೆ, ಹಲಗೆ, ಹಗ್ಗ, ತಾಡಪಾಲು ಬಿದ್ದಿರಲಿ. ಇವತ್ತು ಕೋಟೆ ಆಗಲಿ, ನಾಳೆ ಚಹಾ ಅಂಗಡಿ ಆಗಲಿ. ಅಧಿಕಾರಿಗಳು ಬರುವ ಹಿಂದಿನ ದಿನ "ಆ ರಾಶಿ ತೆಗೀರೋ" ಅಂತ ಯಾರೂ ಕೂಗಬಾರದು. ಇದನ್ನು ಪಾಲಿಸುವುದು ಕಷ್ಟ, ಗೊತ್ತು.

ದೊಡ್ಡ ಹುಡುಗರ "ನಮಗ್ಯಾಕೆ" ನ್ಯಾಯವಾದ ಪ್ರಶ್ನೆ. 18 ತುಂಬಿದರೆ ಅವರು ಈ ಗೇಟು ದಾಟುತ್ತಾರೆ. ನಂತರದ ಆರೈಕೆ ಅಂತ 21ರವರೆಗೆ ಕಾಯ್ದೆಯಲ್ಲಿ ಅವಕಾಶ ಇದ್ದರೂ ಮನೆ ಇದಲ್ಲ. "ಮುಂದಿನವರಿಗೋಸ್ಕರ ಮಾಡ್ರಪ್ಪ" ಅಂತ ಉಪದೇಶ ಮಾಡಿದರೆ ಇನ್ನೂ ದೂರ ಹೋಗುತ್ತಾರೆ. ಅವರಿಗೆ ಈಗಲೇ ಕೈಗೆ ಸಿಗುವಂಥದ್ದು ಕೊಡಿ. ಗೌಂಡಿಯ ಪಕ್ಕದಲ್ಲಿ ನಿಲ್ಲುವ ಜಾಗ ಅವರದೇ ಆಗಲಿ, ಮಟ್ಟ, ತೂಗುಗುಂಡು, ಕರಣಿ ಹಿಡಿಯಲು ಕಲಿಯಲಿ. ಸಾಮಾನಿನ ಲೆಕ್ಕ, ಅಂಗಡಿಗೆ ಹೋಗಿ ಚೌಕಾಸಿ ಮಾಡುವುದು ಅವರಿಗೇ ಇರಲಿ. ಗಿಡದಲ್ಲೂ ಅಷ್ಟೇ. ಅವರ ಕೈಲಿ ಮಾವು, ನೇರಳೆ ನೆಡಿಸಬೇಡಿ. ಪಪ್ಪಾಯಿ ನೆಟ್ಟ ಒಂಬತ್ತು ಹತ್ತು ತಿಂಗಳಿಗೆ ಹಣ್ಣು ಕೊಡುತ್ತದೆ, ಪಿಕೆಎಂ-1 ತಳಿಯ ನುಗ್ಗೆ ಬೀಜ ಹಾಕಿದ ಆರೆಂಟು ತಿಂಗಳಿಗೇ ಕಾಯಿ ಬಿಡುತ್ತದೆ. ಹೋಗುವ ಮುಂಚೆ ತಾವೇ ಕಿತ್ತು ಸಾರು ಮಾಡಿಸಿ ಉಣ್ಣುತ್ತಾರೆ. ಮಾವನ್ನು 10 ವರ್ಷದವನು ನೆಡಲಿ, ಅವನಿಗೆ ಟೈಮಿದೆ.

ಕೊನೆಗೆ ದಾನಿಗಳ ವಿಚಾರ. ರೋಜರ್ ಹಾರ್ಟ್ ಅನ್ನುವವರು 1992ರಲ್ಲಿ ಯುನಿಸೆಫ್‌ಗಾಗಿ ಮಕ್ಕಳ ಭಾಗವಹಿಸುವಿಕೆಗೆ ಎಂಟು ಮೆಟ್ಟಿಲಿನ ಏಣಿ ಬರೆದರು. ಕೆಳಗಿನ ಮೂರು ಮೆಟ್ಟಿಲು ಲೆಕ್ಕಕ್ಕೇ ಇಲ್ಲ ಅಂದರು, ಅದರಲ್ಲೊಂದು ಮಕ್ಕಳನ್ನು ಅಲಂಕಾರಕ್ಕೆ ನಿಲ್ಲಿಸುವುದು. ಪಾರ್ಕ್ ಮಾಡಿಸಿ, ಉದ್ಘಾಟನೆಯ ದಿನ ಹುಡುಗರ ಕೈಲಿ ಒಂದು ಸಸಿ ನೆಡಿಸಿ, ಫೋಟೋ ತೆಗೆದು ಪತ್ರಿಕೆಗೆ ಕೊಡುವುದು ಇದೇ ಮೆಟ್ಟಿಲು. ಆ ಫೋಟೋ ಅಪರಾಧವೂ ಹೌದು. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಮಕ್ಕಳ ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ವಾಟ್ಸಾಪ್ ಸ್ಟೇಟಸ್‌ಗೂ ಹಾಕುವುದು ಬೇಡ ಅನ್ನಿ. ಬೇಕಾದರೆ ಕೈ ಮಾತ್ರ, ಕಟ್ಟೆ ಮಾತ್ರ ಕಾಣುವ ಫೋಟೋ ತೆಗೆದುಕೊಳ್ಳಲಿ.

ದುಡ್ಡಿಗೆ ನೀವು ಕೇಳಬೇಕಾದ್ದು: ಒಂದು ವರ್ಷ ಭಾನುವಾರದ ಗೌಂಡಿ ಕೂಲಿ, ಗಟ್ಟಿ ಉಪಕರಣ ಮತ್ತು ಹುಡುಗರ ಅಳತೆಯ ಬೂಟು ಕೈಗವಸು, ಒಂದು ನಲ್ಲಿ ಹಿತ್ತಿಲಿನ ತುದಿಯವರೆಗೆ, ಎರಡು ಲೋಡು ಗರಸು, ಒಂದು ಲೋಡು ಮರಳು, ಉಳಿದದ್ದು ಹುಡುಗರ ಸಮಿತಿ ಖರ್ಚು ಮಾಡಲು ಒಂದು ಸಣ್ಣ ಮೊತ್ತ, ಬಿಲ್ಲು ಇಟ್ಟು ಲೆಕ್ಕ ಕೊಡುವ ಷರತ್ತಿನ ಮೇಲೆ. ಮೇ ತಿಂಗಳಲ್ಲಿ ಮೊದಲ ಅಡ್ಡಮಳೆ ಬಿದ್ದು ಮಣ್ಣು ಮೆತ್ತಗಾದಾಗ ಪಾರ್ಥೇನಿಯಂ ಬುಡಸಮೇತ ಕೀಳಿಸಿ, ಹೂ ಬಿಡುವ ಮುಂಚೆ. ಅದಕ್ಕೆ ಕೈಗವಸು, ಮೂಗಿಗೆ ಬಟ್ಟೆ ಕಡ್ಡಾಯ, ಕೆಲವರಿಗೆ ಮೈಯೆಲ್ಲ ತುರಿಕೆ ಏಳುತ್ತದೆ, ಉಬ್ಬಸ ಇರುವವರು ಆ ಕಡೆ ಬರುವುದೇ ಬೇಡ. ಗಿಡ ನೆಡುವುದು ಜೂನ್, ಜುಲೈಗೆ. ಗೋಡೆ ಕೆಲಸ ದಸರಾ ರಜೆಗೆ, ಮಳೆ ಹಿಂದಾದಮೇಲೆ.

ಇಷ್ಟು ಹೇಳಿದ ಮೇಲೂ ದಾನಿಗಳು ಜಾರುಬಂಡೆಯೇ ಆಗಬೇಕು, ಅದರ ಮೇಲೆ ತಮ್ಮ ಅಪ್ಪನ ಹೆಸರು ಬರೆಸಬೇಕು ಅಂದರೆ ಪಕ್ಕದ ಅಂಗನವಾಡಿ ತೋರಿಸಿ. ಅಲ್ಲಿನ ಮಕ್ಕಳಿಗೆ ಅದು ನಿಜವಾಗಲೂ ಬೇಕಾಗಿರುತ್ತದೆ.